ದಾಖಲೆಯಲ್ಲಿಲ್ಲದ ನಲವತ್ತು ಸೆಕೆಂಡು

2024ರ ಫೆಬ್ರವರಿಯ ಒಂದು ಬುಧವಾರ ಮಧ್ಯಾಹ್ನ, ದೇವಸಮುದ್ರದ ಆಚೆ ನನ್ನ ಅಕ್ಕ-ಭಾವನ ಹೊಲದಲ್ಲಿ, ಯಾರೂ ಚಾಲೂ ಮಾಡದ ಬೋರ್‌ವೆಲ್ ಮೋಟಾರಿನ ತಂತಿಗೆ ಕರೆಂಟ್ ಹರಿಯಿತು. ಫೋನಿನ ದಾಖಲೆಯಲ್ಲಿ ಅದು ಇಲ್ಲ.

ಆ ಮೋಟಾರನ್ನು ಫೋನಿನಿಂದ ನಡೆಸುವ ಪೆಟ್ಟಿಗೆ ಜೋಡಿಸಿದ್ದು ನಾನು. ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಅದು ಹೇಳಿದಾಗ ಟಕ್ ಎಂದು ಕೂಡಿಕೊಳ್ಳುವ ರಿಲೇ, ಅಲ್ಲಿಂದ ಮೋಟಾರಿನ ಸ್ಟಾರ್ಟರ್‌ಗೆ ಎರಡು ತಂತಿ. ಭಾವ ಹಟ್ಟಿಯ ಮನೆಯಲ್ಲಿ ಕೂತೇ ಫೋನಿನಿಂದ ಮೋಟಾರ್ ಹಾಕುತ್ತಿದ್ದ. ಹಾಕಿದ, ತೆಗೆದ ಹೊತ್ತನ್ನು ಬೋರ್ಡು ಬರೆದಿಟ್ಟು ಫೋನಿಗೆ ಕಳಿಸುತ್ತಿತ್ತು. ಮೊದಲೆಲ್ಲ ಕೇಬಲ್ ಮುಟ್ಟುವ ಮುಂಚೆ ಅವನು ಮೂರೂ ಫ್ಯೂಸ್ ಕಿತ್ತು ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಪೆಟ್ಟಿಗೆ ಬಂದ ಮೇಲೆ ಅದನ್ನು ಬಿಟ್ಟ. ಫೋನಿನಲ್ಲಿ ‘ಆಫ್’ ಎಂದು ಕಂಡರೆ ಸಾಕಾಗಿತ್ತು.

ಜನವರಿಯಿಂದಲೇ ಅಕ್ಕ ಒಂದು ಮಾತು ಹೇಳುತ್ತಿದ್ದಳು. ಮೋಟಾರ್ ಹಾಕದ ದಿನವೂ ಪೈಪಿನ ಬಾಯಲ್ಲಿ ನೆಲ ಒದ್ದೆಯಾಗಿರುತ್ತದೆ. ಒಮ್ಮೆ ಅವಳು ಕಳೆ ಕೀಳುತ್ತಿದ್ದಾಗ, ಸುತ್ತ ಯಾರೂ ಇಲ್ಲದೆ ನೀರು ಉಕ್ಕಿ, ಸ್ವಲ್ಪ ಹರಿದು, ಯಾರೋ ಕೈಯಿಟ್ಟು ಮುಚ್ಚಿದಂತೆ ನಿಂತಿತಂತೆ. ನಾನು ದಾಖಲೆ ತೆರೆದೆ. ಆ ಹೊತ್ತಿನಲ್ಲಿ ಏನೂ ಇರಲಿಲ್ಲ. ಪತ್ರಿಕೆಯ ಕೆಲಸದವನಾದ ನಾನು ಬರೆದಿದ್ದನ್ನು ನಂಬಿದೆ, ನೋಡಿದವಳನ್ನು ನಂಬಲಿಲ್ಲ. ಪೈಪು ಸೋರುತ್ತಿರಬೇಕು ಎಂದೆ.

ಆ ಬುಧವಾರ ಭಾವ, ಇಲಿ ಕಡಿದ ಕೇಬಲ್ ಜೋಡಿಸಲು ಬೋರಿನ ಬಾಯಲ್ಲಿ ಕೂತಿದ್ದ. ಕರೆಂಟ್ ಬರುವುದು ಎರಡು ಗಂಟೆಗೆ ಎಂದಿತ್ತು, ಅದಕ್ಕಿನ್ನೂ ಹೊತ್ತಿತ್ತು. ನಾನು ಪೆಟ್ಟಿಗೆಯ ಪಕ್ಕ ನಿಂತಿದ್ದೆ. ಅವನು ಎರಡು ತಂತಿ ಸೇರಿಸಿ ಟೇಪು ಸುತ್ತಿ, ಮೂರನೆಯದರ ತುದಿ ಹೆರೆದಿದ್ದ. ಬುತ್ತಿ ತಂದ ಅಕ್ಕ ಅದನ್ನು ಕೆಳಗಿಡದೆ, ಫ್ಯೂಸ್ ಕಿತ್ತಿದ್ದೀರಾ ಎಂದು ಕೇಳಿದಳು.

“ನಿನ್ನ ತಮ್ಮನ ಫೋನೇ ಆಫ್ ಅಂತೈತೆ. ನಿಂದೇನು ರಗಳೆ?” ಎಂದ ಭಾವ.

“ಫೋನು ಏನಾರ ಹೇಳ್ಲಿ. ನೆಲ ಒದ್ದೆ ಆಗಿದ್ದು ನಾ ನೋಡಿದೀನಿ. ಏಳ್ರಿ, ಇಲ್ಲಾಂದ್ರೆ ಬುತ್ತಿ ಕುರಿಗೆ ಹಾಕ್ತೀನಿ.”

ಭಾವ ಗೊಣಗುತ್ತ ಎದ್ದು, ಫ್ಯೂಸ್ ಕಡೆಗೆ ನಾಲ್ಕು ಹೆಜ್ಜೆ ಬಂದ. ಪೆಟ್ಟಿಗೆಯೊಳಗೆ ಟಕ್ ಎಂದಿತು. ಸ್ಟಾರ್ಟರ್ ಧಡ್ ಎಂದು ಎಳೆದುಕೊಂಡಿತು. ನೆಲದ ಆಳದಿಂದ, ಎರಡೇ ತಂತಿಯ ಕರೆಂಟಿನಲ್ಲಿ ತಿರುಗಲಾರದ ಮೋಟಾರು ನರಳತೊಡಗಿತು. ಕಲ್ಲಿನ ಮೇಲೆ ಬಿಟ್ಟು ಬಂದ ಬೆತ್ತಲೆ ತುದಿ, ಮುಟ್ಟುವವರಿಲ್ಲದೆ ನೀಲಿಯಾಗಿ ಚಟಗುಟ್ಟಿತು. ಸ್ಟಾಪ್ ಗುಂಡಿಗೆ ನನ್ನ ಕೈ ಏಳಲಿಲ್ಲ. ಇನ್ನೊಂದು ಕೈಯಲ್ಲಿದ್ದ ಫೋನು ‘ಆಫ್’ ಎನ್ನುತ್ತಲೇ ಇತ್ತು. ಆಮೇಲೆ ಎಲ್ಲವೂ ತಾನಾಗಿ ನಿಂತಿತು.

ಮರುದಿನ ಪೆಟ್ಟಿಗೆಯನ್ನು ಚಳ್ಳಕೆರೆಯ ನನ್ನ ಮನೆಗೆ ತಂದು, ಮೋಟಾರಿನ ಬದಲು ಬಲ್ಬು ಸಿಕ್ಕಿಸಿ, ಬೋರ್ಡಿನ ಮೆಮೊರಿ ಕಾರ್ಡ್ ತೆಗೆದು ಕರೆಂಟ್ ಕೊಟ್ಟೆ. ಪ್ರೋಗ್ರಾಂ ಇರುವುದೇ ಕಾರ್ಡಿನಲ್ಲಿ, ಅದಿಲ್ಲದ ಬೋರ್ಡಿಗೆ ಏನೂ ತಿಳಿಯದು. ಆದರೂ ಬಲ್ಬು ಹತ್ತಿತು.

ಕರೆಂಟ್ ಬಂದಾಗ ಬೋರ್ಡು ಎಚ್ಚರಗೊಳ್ಳಲು ನಲವತ್ತು ಸೆಕೆಂಡು ಬೇಕು. ಅಷ್ಟು ಹೊತ್ತು, ರಿಲೇಗೆ ಆಜ್ಞೆ ಕೊಡುವ ಅದರ ಪಿನ್ನಿನಲ್ಲಿ ವೋಲ್ಟೇಜ್ ಇಳಿದಿರುತ್ತದೆ. ನಾನು ತಂದ ಐದು ವೋಲ್ಟಿನ ರಿಲೇ, ಪಿನ್ ಇಳಿದಾಗಲೇ ಕೂಡಿಕೊಳ್ಳುವಂಥದ್ದು. ದಾಖಲೆ ಬರೆಯುವ ಪ್ರೋಗ್ರಾಂ ಶುರುವಾಗುವುದು ಎಚ್ಚರವಾದ ಮೇಲೆ. ಆ ಬುಧವಾರ ಕರೆಂಟ್ ಎರಡು ಗಂಟೆಗೆ ಮುಂಚೆಯೇ ಬಂದಿತ್ತು.

ಪಿನ್ನಿಗೂ ರಿಲೇಗೂ ನಡುವೆ ಟ್ರಾನ್ಸಿಸ್ಟರ್ ಹಾಕಿ, ಪಿನ್ 3.3 ವೋಲ್ಟಿಗೆ ಏರಿದರೆ ಮಾತ್ರ ರಿಲೇ ಕೂಡುವಂತೆ ಮಾಡಿದೆ. ಎಚ್ಚರವಿಲ್ಲದಾಗ ಅದು ತಾನಾಗಿ ಏರದಂತೆ ರೆಸಿಸ್ಟರ್ ಒಂದರಿಂದ ಗ್ರೌಂಡ್‌ಗೆ ಕಟ್ಟಿದೆ. ರಿಲೇಯ ಕಾಯಿಲಿನಿಂದ ಹಿಮ್ಮುಖವಾಗಿ ಬರುವ ಹೊಡೆತ ತಡೆಯಲು ಡಯೋಡ್ ಸೇರಿಸಿದೆ. ಇಪ್ಪತ್ತು ಸಲ ಕರೆಂಟ್ ತೆಗೆದು ಕೊಟ್ಟೆ. ಬಲ್ಬು ಹತ್ತಲಿಲ್ಲ.

ಮೂರನೇ ತಂತಿಯನ್ನು ಮೊಳಕಾಲ್ಮುರುವಿನಿಂದ ಬಂದ ಮೆಕ್ಯಾನಿಕ್ ಜೋಡಿಸಿದ. ಹೋದ ಭಾನುವಾರ ನಾನು ಹೋಗಿದ್ದಾಗಲೂ ಭಾವ ಆ ಕೇಬಲ್ ಮುಟ್ಟಿರಲಿಲ್ಲ.