ಗೋಡೆ ಯಾವ ಬಣ್ಣ?

ಬೆಳಿಗ್ಗೆ ಸೊರಬದಿಂದ ಶಾಲೆಯ ಮೇಡಂ ಒಬ್ಬಳು ಬಂದಿದ್ದಳು. ಮದುವೆ ಮನೆಯ ಹಸೆಗೋಡೆಗೆ ಬರೆಯುವ ಚಿತ್ತಾರದ ಬಗ್ಗೆ ನಾನೊಂದು ಪುಸ್ತಕ ಮಾಡಿಸಿದ್ದೇನಲ್ಲ, ಅದರ ಒಂದು ಪ್ರತಿ ಬೇಕಂತೆ. ಮಂಚದ ಕೆಳಗಿನ ಕಟ್ಟು ಎಳೆದು ದಾರ ಬಿಚ್ಚಿದೆ. ಗಪ್ಪನೆ ಶಾಯಿ ವಾಸನೆ ಬಂತು. ನೀವು ಓದುವವರು, ನಿಮಗೆ ಆ ವಾಸನೆ ಹಿತವಿರಬಹುದು. ನನಗೆ ಸಿಟ್ಟು ಬರುತ್ತದೆ. ನಾನು ಓದಿದ್ದು ಮೂರನೇ ಕ್ಲಾಸು. ನನಗೆ ಬರುವುದು ಚಿತ್ತಾರ ಒಂದೇ.

ಪುಸ್ತಕದ ಹುಚ್ಚು ಹತ್ತಿಸಿದವಳು ಕುಪ್ಪಗಡ್ಡೆಯ ಗಂಗಮ್ಮ. ಇಬ್ಬರೂ ಒಬ್ಬಳೇ ಅಜ್ಜಿಯ ಹತ್ತಿರ ಕಲಿತವರು. ಅವಳ ಗೆರೆ ಸ್ವಲ್ಪ ಸೊಟ್ಟ. ಅವಳೆದುರಿಗೇ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ಆ ಸೊಟ್ಟ ಗೆರೆಯವಳ ಪುಸ್ತಕವನ್ನು ಶಿವಮೊಗ್ಗದ ಪ್ರಕಾಶಕರೊಬ್ಬರು ಒಪ್ಪಿಕೊಂಡರು. ಒಪ್ಪಿ ಎರಡು ವರ್ಷ ಎಳೆದಾಡಿದರು. ಅವರ ಕಡೆಯ ಹೆಣ್ಣುಮಗಳೊಬ್ಬಳು ಇವಳು ಬರೆದದ್ದನ್ನೆಲ್ಲ ತಿದ್ದಿ ತಿದ್ದಿ ವಾಪಸು ಕಳಿಸುತ್ತಿದ್ದಳು. ಪಕ್ಕದಲ್ಲಿ ಕೆಂಪು ಶಾಯಿಯ ಪ್ರಶ್ನೆಗಳು ಬೇರೆ.

“ಏನ್ ಕೇಳಿದಾಳೆ ಗೊತ್ತನೇ?” ಎಂದು ಗಂಗಮ್ಮ ಫೋನಿನಲ್ಲಿ ಗೋಳಾಡಿದಳು. “ಗೋಡೆ ಯಾವ ಬಣ್ಣ ಅಂತೆ.”

ನಾನು ಬಿದ್ದು ಬಿದ್ದು ನಕ್ಕೆ. “ಅನ್ನ ಯಾವ ಬಣ್ಣ ಅಂತಾನೂ ಕೇಳ್ತಾಳೆ, ನೋಡ್ತಿರು. ಅವ್ರ ಕಾಲು ಹಿಡಿಯಕ್ಕೆ ನಂಗಾಗಲ್ಲ ಮಾರಾಯ್ತಿ. ನಾನು ಸ್ವಂತ ಮಾಡಿಸ್ತೀನಿ.”

ಮಾಡಿಸಿದೆ. ಶಿಕಾರಿಪುರದ ಪ್ರೆಸ್ಸಿನವನು ಮರ್ಯಾದೆಯ ಮನುಷ್ಯ. ಕುರ್ಚಿ ಹಾಕಿ, ಚಾ ತರಿಸಿ, ನಾನು ಹೇಳಿದ್ದನ್ನು ಹೇಳಿದಂತೆಯೇ ಕಂಪ್ಯೂಟರಿಗೆ ಹೊಡೆದ. ಕೇಳಿದ್ದು ಒಂದೇ ಪ್ರಶ್ನೆ.

“ನಿಮ್ಮ ಫೋಟೊ ಮುಂದ ಹಾಕೋಣೋ, ಹಿಂದೋ?”

“ಮುಂದೆ.”

“ನೀವ ಮಾಲಕ್ರು. ನೀವು ಹೆಂಗಂತೀರೋ ಹಂಗ್ರಿ.”

ಆ ಮಾತಿಗೆ ನಾನು ಉಬ್ಬಿದ್ದು ಈಗ ನೆನೆದರೆ ನಾಚಿಕೆ. ಕರಡು ಪುಟ ಕೊಟ್ಟು, ಓದಿ ಸಹಿ ಹಾಕಿ ಎಂದ. ಒಂದು ಪುಟ ಓದಲು ನನಗೆ ಒಂದು ಮಧ್ಯಾಹ್ನ ಬೇಕು. ಅದನ್ನು ಅವನೆದುರು ಹೇಳುವುದೆಂತು? ಕನ್ನಡಕ ಏರಿಸಿದೆ, ಬೆರಳು ಓಡಿಸಿದೆ, ನಡುನಡುವೆ ಹೂಂಗುಟ್ಟಿದೆ, ಎಲ್ಲ ಪುಟಕ್ಕೂ ಸಹಿ ಹಾಕಿದೆ. ಚಿತ್ರಗಳು ಕಪ್ಪು-ಬಿಳುಪಿನಲ್ಲಿದ್ದವು. ಗೆರೆ ಚೊಕ್ಕ ಬಿದ್ದಿದೆಯೇ ಎಂದಷ್ಟೇ ನೋಡಿದೆ. ಬಿದ್ದಿತ್ತು. ಇಪ್ಪತ್ತೇ ದಿನಕ್ಕೆ ಪುಸ್ತಕ ಮನೆಗೆ ಬಂತು.

ನೆಂಟರೆಲ್ಲ ನನ್ನ ಫೋಟೊ ನೋಡಿ ಚೆನ್ನಾಗಿದೆ ಎಂದರು. ಒಳಗೆ ತೆರೆದವರಿಲ್ಲ. ಪುಸ್ತಕದಂಗಡಿಯವನಿಗೆ ಒಯ್ದು ಕೊಟ್ಟರೆ “ಪ್ರಕಾಶಕರು ಯಾರ್ರಿ?” ಎಂದ. ನಾನೇ ಎಂದೆ. ಪುಸ್ತಕವನ್ನು ನನ್ನ ಕೈಗೇ ವಾಪಸು ಇಟ್ಟ. ಹಾಗಾಗಿ ಕಂಡ ಕಂಡ ಮದುವೆಯಲ್ಲಿ ಹಂಚಿದೆ.

ಕುಬಟೂರಿನ ಸವಿತಾ ಎಂಬ ಹುಡುಗಿಗೂ ಹಾಗೇ ಒಂದು ಪ್ರತಿ ಸಿಕ್ಕಿತ್ತು. ಅವಳ ಮನೆಯಲ್ಲಿ ಹೇಳಿಕೊಡುವ ಹಿರಿ ಹೆಂಗಸರಿಲ್ಲ. ಅಕ್ಕನ ಮದುವೆಗೆ ನನ್ನ ಪುಸ್ತಕ ನೋಡಿಕೊಂಡೇ ಮೂರು ದಿನ ಕೂತು ಹಸೆಗೋಡೆ ಬರೆದಳು. ತೋರಿಸಬೇಕು ಅಂತ ನನ್ನನ್ನೂ ಕರೆದಳು. ಹೋಗಿ ನೋಡಿದೆ. ಒಂದೊಂದು ಎಳೆಯೂ ಸರಿ, ಗಂಗಮ್ಮನಿಗಿಂತ ಎಷ್ಟೋ ನೇರ. ಗೋಡೆ ಮಾತ್ರ ಕಪ್ಪು. ಕೆಮ್ಮಣ್ಣು ಬಳಿಯುವಲ್ಲಿ ಮಸಿ ಬಳಿದಿದ್ದಳು, ಪುಸ್ತಕದಲ್ಲಿ ಕಂಡ ಹಾಗೆಯೇ. ಕೆಂಪು ಎಂಬ ಮಾತು ಆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಹೇಳಬೇಕೆಂದು ನನಗೆ ಹೊಳೆಯಲಿಲ್ಲ, ಯಾರೂ ಕೇಳಲಿಲ್ಲ.

ಗಂಡಿನ ತಾಯಿ ಬಾಗಿಲಲ್ಲೇ ನಿಂತುಬಿಟ್ಟಳು. “ಇದೇನು ಮದ್ವೆ ಮನೆನೋ, ಸಾವಿನ ಮನೆನೋ? ಇದ್ರ ಮುಂದೆ ನಮ್ಮುಡ್ಗನ್ನ ಕೂರಿಸಲ್ಲ.”

ಸವಿತಾ ಪುಸ್ತಕ ತಂದು ಆ ಪುಟ ತೆರೆದು ಹಿಡಿದಳು. “ಹಿಂಗೇ ಐತಲ್ಲ, ನೋಡಿ.” ನನ್ನ ಕಡೆ ತಿರುಗಿದಳು. “ಅಲ್ದಾ ಅಜ್ಜಿ?”

ತಪ್ಪು ನನ್ನದು ಎನ್ನಬೇಕಿತ್ತು. ಆ ಹುಡುಗಿ ಬಕೆಟ್ಟು ತಂದು, ಮೂರು ದಿನದ ಕೆಲಸವನ್ನು ತಾನೇ ಒರೆಸಿ ಹಾಕಿದಳು. ಪುಸ್ತಕ ಪಕ್ಕದಲ್ಲೇ ಬಿದ್ದಿತ್ತು, ಮೇಲೆ ನನ್ನ ನಗುವ ಮುಖ.

ಮರುದಿನ ಪ್ರೆಸ್ಸಿಗೆ ಹೋಗಿ ಕೂಗಾಡಿದೆ. “ನೀವ ಸಹಿ ಹಾಕೀರಲ್ರಿ, ಅಮ್ಮಾ” ಎಂದ, ಮರ್ಯಾದೆಯಿಂದಲೇ. ಹಾಳು ಮರ್ಯಾದೆ. ಗಂಗಮ್ಮನ ಪುಸ್ತಕ ನೋಡಿ ಬರೆದವರ ಗೋಡೆ ಕೆಂಪಗೇ ಇರುತ್ತದೆ. ಮೊದಲ ಪುಟದಲ್ಲೇ ಇದೆ, ಕೆಮ್ಮಣ್ಣು ಎರಡು ಸಲ ಬಳಿಯಿರಿ ಎಂದು. ನಾನು ನಕ್ಕೆನಲ್ಲ, ಆ ಪ್ರಶ್ನೆಯಿಂದ ಬಂದ ಸಾಲು ಅದು. ನನಗೆ ಎದುರು ಕೂತು ಪೀಡಿಸುವವರು ಬೇಕಿತ್ತು. ಮಾಲೀಕಳಾಗಿ ಕೂತೆ.

ಬೆಳಿಗ್ಗೆ ಬಂದ ಆ ಮೇಡಂ ಪುಸ್ತಕಕ್ಕೆ ಕೈ ಚಾಚಿದಳು. ನಾನು ಕೊಡಲಿಲ್ಲ.

“ಪುಸ್ತಕ ಇನ್ನೂ ಆಗಿಲ್ಲ” ಎಂದೆ.

ಅವಳು ಮಂಚದ ಕೆಳಗಿನ ಕಟ್ಟುಗಳನ್ನು ನೋಡಿದಳು, ನನ್ನನ್ನು ನೋಡಿದಳು.

“ಕೂತ್ಕೊ. ಇದನ್ನ ಜೋರಾಗಿ ಓದು. ನಂಗೆ ಓದಕ್ಕೆ ಸರಿಯಾಗಿ ಬರಲ್ಲ. ತಿಳೀದಿದ್ದನ್ನ ಕೇಳು.”

ಓದುತ್ತ ಮೂರನೇ ಸಾಲಿಗೇ ನಿಂತಳು. “ಪುಂಡಿ ನಾರಿನ ಕುಂಚ ಅಂದೀರಲ್ಲ ಅಮ್ಮ, ನಾರನ್ನ ಹಸೀದೇ ಕಟ್ಟೋದಾ, ಒಣಗಿಸಿಯಾ?”

ಇಷ್ಟೂ ಗೊತ್ತಿಲ್ಲವೇ ಇವಳಿಗೆ ಎಂದು ಮೈಯೆಲ್ಲ ಉರಿಯಿತು. ಅವಳ ಕೈಯಿಂದ ಪೆನ್ನು ಕಿತ್ತುಕೊಂಡು ಸಾಲಿನ ಪಕ್ಕದಲ್ಲಿ ‘ಒಣಗಿಸಿ’ ಎಂದು ಬರೆದೆ. ಬಹಳ ಹೊತ್ತು ಹಿಡಿಯಿತು. ಅವಳು ಕಾದಳು.

“ಮುಂದೆ ಕೇಳು” ಎಂದೆ.