ಕನ್ನಡಿ ತೋರಿಸಿದ ಆಗ್ನೇಯ

ನಮ್ಮ ಯಜಮಾನರು ಹಳೆಯದೊಂದು ಕಾರು ತಂದಾಗ ನನಗೆ ಬಹಳ ಹಿಡಿಸಿದ್ದು ಅದರ ಒಳಗಿನ ಕನ್ನಡಿ. ಅದರ ಮೂಲೆಯಲ್ಲಿ ಹಸಿರು ಇಂಗ್ಲಿಷ್ ಅಕ್ಷರ ಮೂಡಿ, ಕಾರು ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ತೋರಿಸುತ್ತಿತ್ತು. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಶಿವನ ದಯದಿಂದ ಬಂದ ಗಾಡಿ ಎಂದು, ಕಾಲಡಿ ಅಯಸ್ಕಾಂತವಿದ್ದ ಪುಟ್ಟ ನಂದಿಯನ್ನು ತಂದು ಆ ಕನ್ನಡಿಯ ಕಬ್ಬಿಣದ ಕಡ್ಡಿಗೇ ಅಂಟಿಸಿದೆ.

ಆ ವಾರವೇ ಶಿಗ್ಗಾಂವದಲ್ಲಿ ನಾದಿನಿಯ ಹೊಸ ಮನೆಗೆ ತಲೆಬಾಗಿಲು ಕೂಡ್ರಿಸುವ ಪೂಜೆ. ಹಾನಗಲ್ಲಿನಿಂದ ದಾರಿಯುದ್ದಕ್ಕೂ ನಾನು ದಿಕ್ಕು ಓದುತ್ತ ಹೋದೆ. ಪೂಜೆ, ಊಟ ಎಲ್ಲ ಸಾಂಗವಾಯಿತು. ಹೊರಡುವಾಗ ಕಾರು ಆ ಬಾಗಿಲಿಗೆ ನೇರ ಬೆನ್ನು ಮಾಡಿ ನಿಂತಿತ್ತು. ಯಜಮಾನರು ಚಾಲೂ ಮಾಡಿದರು. ಬಾಗಿಲು ಮೂಡಲಿಗಿದ್ದರೆ ಕನ್ನಡಿ ಪೂರ್ವ ತೋರಿಸಬೇಕಿತ್ತು, ಆಗ್ನೇಯ ತೋರಿಸಿತು.

ಸುಮ್ಮನೆ ಕೂಡಬಹುದಿತ್ತು. ಬೀಳ್ಕೊಡಲು ಬಂದ ಓಣಿಯವರೆಲ್ಲ ನಿಂತಿದ್ದರು. ನಾನು ಕಿಟಕಿಯಿಂದಲೇ ಅಂದೆ:

“ಮೂಡಲ ಬಾಗಲಾ ಅಂದಿದ್ರಲ್ಲ? ಇದು ಆಗ್ನೇಯಕ್ಕ ಐತಿ. ಬೇಕಾರ ಬಂದು ನೀವ ನೋಡ್ರಿ.”

ನಾದಿನಿಯ ಮುಖ ಕಪ್ಪಿಟ್ಟಿತು. ಅವಳ ಅತ್ತೆ ಬಗ್ಗಿ ಕನ್ನಡಿ ನೋಡಿದರು. “ಮಷಿನ್ ಯಾಕ ಸುಳ್ಳ ಹೇಳ್ತೈತಿ? ಸೋಮವಾರ ಗೌಂಡಿನ ಕರಸಿ ಕಿತ್ತಿ ತಿರುವಸ್ತೀವಿ ಬಿಡ್ರಿ,” ಅಂದರು. ಸಮಯಕ್ಕೆ ಹೇಳಿದೆನಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. ಈಗ ಅದನ್ನು ನೆನೆದರೆ ಮೈ ಹಿಡಿಯಾಗುತ್ತದೆ.

ಸೋಮವಾರ ಬೆಳಿಗ್ಗೆ ನಮ್ಮೂರ ಈಶ್ವರನ ಗುಡಿಗೆ ಹೋದೆವು. ಹಳೇ ಕಾಲದ ಗುಡಿ, ಮೂಡಲ ಬಾಗಿಲು. ಅದು ಊರಿಗೇ ಗೊತ್ತು. ದರ್ಶನ ಮುಗಿಸಿ ಬಂದು ಕೂತಾಗ ಕಾರಿನ ಬೆನ್ನು ಗುಡಿಯ ಬಾಗಿಲಿಗಿತ್ತು. ಕನ್ನಡಿಯಲ್ಲಿ ಮತ್ತೆ ಆಗ್ನೇಯ.

ಯಜಮಾನರು ನನ್ನ ಕಡೆ ನೋಡಿ, “ಈಶ್ವರಗೂ ಬಾಗಲಾ ತಿರುವಿ ಕೂಡ್ರಸಾಕ ಹೇಳ್ತೀಯೇನ?” ಅಂದರು.

ಅವರು ಕಾರಿನ ಜೊತೆ ಬಂದ ಪುಸ್ತಕ ತೆಗೆದು ಓದಿದರು. ಕನ್ನಡಿಯ ಹತ್ತಿರ ಅಯಸ್ಕಾಂತ ಇಡಬಾರದಂತೆ. ಇಟ್ಟು ದಿಕ್ಕು ತಪ್ಪಿದ್ದರೆ, ಅದನ್ನು ತೆಗೆದು, ಬಯಲಲ್ಲಿ ಕಾರನ್ನು ಮೆಲ್ಲಗೆ ಸುತ್ತಿಸಿ ದಿಕ್ಕು ಕೂಡಿಸಬೇಕಂತೆ. ನಂದಿಯನ್ನು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡೆ. ಗುಡಿಯ ಪಕ್ಕದ ಬಯಲಿಗೆ ಹೋಗಿ ಅವರು ಕನ್ನಡಿಯ ಗುಂಡಿ ಒತ್ತಿ ಹಿಡಿದರು, ದಿಕ್ಕಿನ ಅಕ್ಷರ ಅಳಿಸಿಹೋಯಿತು. ಕಾರು ಗುಂಡಗೆ ತಿರುಗತೊಡಗಿತು.

“ಪ್ರದಕ್ಷಿಣಿ ಹಾಕಾಕತ್ತೇವಿ ಅಂತ ತಿಳ್ಕೊ,” ಅಂದರು. ನನಗೆ ನಗು ಬರಲಿಲ್ಲ. ಕನ್ನಡಿಯದೇ ತಪ್ಪಾಗದಿರಲಪ್ಪ ಎಂದು ಬೇಡಿಕೊಳ್ಳುತ್ತಿದ್ದೆ. ನಾದಿನಿಯ ಬಾಗಿಲೇ ಸೊಟ್ಟಗಿರಲಿ ಎಂದಂತೆ, ಎಂಥ ಬೇಡಿಕೆ ಅದು! ಅಕ್ಷರ ಮತ್ತೆ ಮೂಡಿತು. ಗುಡಿಗೆ ಬೆನ್ನು ಮಾಡಿ ನಿಲ್ಲಿಸಿದರು. ಪೂರ್ವ.

ಫೋನ್ ಹಚ್ಚಿದರೆ ನಾದಿನಿ ಎತ್ತಲಿಲ್ಲ. ಅಲ್ಲಿಂದಲೇ ಶಿಗ್ಗಾಂವಕ್ಕೆ ಹೊರಟೆವು. ನಾವು ಮುಟ್ಟುವಷ್ಟರಲ್ಲಿ ಗೌಂಡಿ ಚೌಕಟ್ಟಿನ ಎಡಗಡೆ ಗೋಡೆ ಒಡೆದಿದ್ದ. ಪೂಜೆಯ ಅರಿಶಿನ ಕುಂಕುಮದ ಮೇಲೆಲ್ಲ ಸಿಮೆಂಟಿನ ಪುಡಿ. ಕಾರಿನಿಂದ ಇಳಿಯುತ್ತಲೇ “ನಿಂದ್ರಪಾ” ಎಂದು ಕೂಗಿದೆ.

ನಾದಿನಿಯ ಅತ್ತೆಯನ್ನು ಒಳಗೆ ಕರೆದು ಎಲ್ಲ ಹೇಳಿದೆ. ಅವರು ಪೂರಾ ಕೇಳಿಸಿಕೊಂಡು, “ನಾಕ ಮಂದಿ ಮುಂದ ಅಂದ್ರಿ. ಈಗ ಅವರ ಮುಂದನ ಅಲ್ಲ ಅನ್ರಿ,” ಅಂದರು.

ಓಣಿಯವರು ಬಂದರು. ಬಾಗಿಲು ಸರಿ ಇದೆ, ನಾನೇ ಅಂಟಿಸಿದ ನಂದಿಯಿಂದ ಕನ್ನಡಿ ತಪ್ಪು ತೋರಿಸಿತು ಎಂದು ಹೊಸ್ತಿಲ ಹೊರಗೆ ನಿಂತು ಹೇಳಿದೆ. ಒಬ್ಬಾಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾದಿನಿ ಮಾತ್ರ ಚೌಕಟ್ಟನ್ನು ಕೈಯಿಂದ ಸವರಿ, “ಕಟಗಿ ಸೀಳಿಲ್ಲ, ವೈನಿ. ಒಳಗ ಬರ್ರಿ,” ಅಂದಳು. ಕಟ್ಟಿಗೆ ಸೀಳದಿದ್ದುದು ಶಿವನ ದಯೆ. ಅವಳು ಬೈಯದಿದ್ದುದು ಇನ್ನೂ ದೊಡ್ಡದು, ಆದರೆ ಅದನ್ನು ತಡೆದುಕೊಳ್ಳುವುದೇ ಕಷ್ಟವಾಯಿತು.

ನಂದಿ ಈಗ ನಮ್ಮ ದೇವರ ಜಗಲಿಯ ಮೇಲಿದ್ದಾನೆ. ನಾದಿನಿಯ ಮನೆಗೆ ಬಣ್ಣವೂ ಆಯಿತು, ಆದರೂ ಬಾಗಿಲ ಎಡಕ್ಕೆ ಮೆತ್ತಿದ ಸಿಮೆಂಟು ತುಸು ಉಬ್ಬಿಯೇ ಕಾಣುತ್ತದೆ. ಅವಳು ನೀರು ಕೊಡಲು ಬಂದಾಗ ನಾನು ಆ ಗೋಡೆಗೆ ಬೆನ್ನು ಮಾಡಿ ಕೂಡುತ್ತೇನೆ.