ಖಾಲಿ ಹಾಳೆಯ ಕೆಳಗಿನ ಸಹಿ

ಸಾಯುವ ಹಿಂದಿನ ದಿನ ನಮ್ಮವರು ಊಟದ ಮೇಜಿನ ತುಂಬ ಲೆಟರ್‌ಹೆಡ್ ಹರಡಿಕೊಂಡು ಸಹಿ ಹಾಕುತ್ತಿದ್ದರು. ಮೇಲೆ ಅವರ ಹೆಸರು, ವಕೀಲರು, ನಗರಸಭೆ ಸದಸ್ಯರು ಎಂದು ಅಚ್ಚಾಗಿತ್ತು. ಕೆಳಗೆ ಸಹಿ. ನಡುವೆ ಒಂದಕ್ಷರವಿಲ್ಲ.

"ಓದದೆ ಸಹಿ ಹಾಕಬೇಡಿ ಅಂತ ಊರಿಗೆಲ್ಲ ಹೇಳ್ತೀರಿ. ನೀವು ಮಾಡ್ತಿರೋದೇನು?" ಎಂದೆ.

"ಓದೋಕೆ ಇದರಲ್ಲಿ ಏನಿದೆ ಕಣೇ?" ಎಂದು ನಕ್ಕರು.

ಮೇಜು ಒರೆಸಬೇಕು, ಏಳಿ ಎಂದು ಗದರಿದೆ. ಮರುದಿನ ಕೋರ್ಟಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವರು ಏಳಲೇ ಇಲ್ಲ.

ಮದುವೆಯಾದಾಗ ಅವರಿಗಿದ್ದದ್ದು ಒಂದೇ ಕರಿ ಕೋಟು. ಕಕ್ಷಿದಾರರು ಕಡಿಮೆ, ಮಾತು ಜಾಸ್ತಿ. ಹಿಂದಿನ ಬೀದಿಯ ಸಣ್ಣ ಅಂಗಡಿಗಳನ್ನು ಒಡೆದು ರಸ್ತೆ ಅಗಲ ಮಾಡಲು ನಗರಸಭೆ ಬಂದಾಗ ಇವರು ತಡೆಯಾಜ್ಞೆ ತಂದರು. ಆ ಕೇಸು ಇವರು ಹೋಗುವವರೆಗೂ ನಡೆಯುತ್ತಲೇ ಇತ್ತು. ಆ ಬೀದಿಯವರೇ ಇವರನ್ನು ಚುನಾವಣೆಗೆ ನಿಲ್ಲಿಸಿದರು. ಮೂರು ಸಲ ಗೆದ್ದರು. ಪಕ್ಷದವರು ಮಾತ್ರ ಪ್ರತಿ ಸಲವೂ "ಮುಂದಿನ ಸಲ ಅಧ್ಯಕ್ಷರು ನೀವೇ" ಎಂದು ಮೂಗಿಗೆ ತುಪ್ಪ ಸವರಿದರು.

ಇಂಥವರು ಇಂಥ ಕಡೆ ವಾಸವಿದ್ದಾರೆ ಎಂಬ ವಿಳಾಸದ ಪತ್ರಕ್ಕೆ ಜನ ಬರುವ ಹೊತ್ತಿಗೆ ಇವರು ಕೋರ್ಟಿನಲ್ಲಿರುತ್ತಿದ್ದರು. ಕೂಲಿಯವರನ್ನು ಕಾಯಿಸಬಾರದೆಂದು ಮೊದಲೇ ಸಹಿ ಹಾಕಿ ಕಪಾಟಿನಲ್ಲಿಡುತ್ತಿದ್ದರು. ಹಾಳೆ ಎತ್ತಿಕೊಡುತ್ತಿದ್ದವಳು ನಾನು. ನಾನು ಓದಿದ್ದು ನಾಲ್ಕನೇ ಕ್ಲಾಸು, ಹಾಗಾಗಿ ತುಂಬುತ್ತಿದ್ದವನು ಇವರ ಜೂನಿಯರ್ ವಕೀಲ.

ಇವರು ಹೋಗಿ ವಾರವಾಗಿರಲಿಲ್ಲ. ಜೂನಿಯರ್ ಬಂದ. "ಕೇಸಿನ ಕಾಗದ ಬೇಕಮ್ಮ" ಎಂದು ಕಪಾಟಿನಲ್ಲಿದ್ದದ್ದನ್ನೆಲ್ಲ ಬಾಚಿಕೊಂಡು ಹೋದ. ಒಳಗೆ ಮಲಗಿದ್ದ ನಾನು ಎದ್ದು ನೋಡಲೂ ಇಲ್ಲ.

ತಿಂಗಳು ಕಳೆದ ಮೇಲೆ ಹಿಂದಿನ ಬೀದಿಯ ಟೈಲರ್ ಏದುಸಿರು ಬಿಡುತ್ತ ಬಂದ. "ಅಕ್ಕಾ, ನಾವೆಲ್ಲ ಅಂಗಡಿ ಬಿಡೋಕೆ ಒಪ್ಪಿದೀವಿ ಅಂತ ಸಾಹೇಬ್ರೇ ಬರೆದ ಪತ್ರ ಕೋರ್ಟಿಗೆ ಬಂದಿದೆ. ಸಹಿ ಅವರದೇ!"

ಕಪಾಟು ತೆಗೆದು ನೋಡಿದೆ, ಸಹಿ ಹಾಕಿಟ್ಟ ಒಂದು ಹಾಳೆಯೂ ಇರಲಿಲ್ಲ. ಇವರ ವಾರ್ಡಿನ ಟಿಕೆಟ್ ಜೂನಿಯರ್‌ಗೆ ಎಂದು ಆಗಲೇ ಮಾತಾಗಿತ್ತಂತೆ.

ಸಂಜೆ ಪಕ್ಷದ ಅಧ್ಯಕ್ಷನೇ ಬಂದ. "ಅತ್ತಿಗೆ, ಹೊಸ ರಸ್ತೆಗೆ ಅಣ್ಣನ ಹೆಸರೇ ಇಡ್ತೀವಿ. ನೀವು ಸುಮ್ಮನಿದ್ರೆ ಸಾಕು."

"ಅವರು ಉಳಿಸಿದ ಅಂಗಡಿ ಒಡೆದು ಅದರ ಮೇಲೆ ಅವರದೇ ಹೆಸರಾ? ಥೂ!"

"ಖಾಲಿ ಹಾಳೆ ವಿಷಯ ಬಾಯಿಬಿಟ್ರೆ ಹೋಗೋದು ಅಣ್ಣನ ಮರ್ಯಾದೆ. ಯೋಚಿಸಿ."

ಅವನು ಹೇಳಿದ್ದು ನಿಜ. ಅದಕ್ಕೇ ನನಗೆ ಅವನಿಗಿಂತ ಸತ್ತವರ ಮೇಲೆಯೇ ಸಿಟ್ಟು ಬಂತು. ಎಷ್ಟು ಬಡಿದುಕೊಂಡಿದ್ದೆ!

ಅವನು ಹೋದ ಮೇಲೆ ನಮ್ಮವರ ಒಡಹುಟ್ಟಿದ ತಮ್ಮ, ನನ್ನ ಮೈದುನ, ಕೈ ಮುಗಿದ. "ಸತ್ತವನ ಮುಖಕ್ಕೆ ಮಸಿ ಬಳೀಬೇಡಿ ಅತ್ತಿಗೆ."

"ನಿಮ್ಮಣ್ಣ ಬದುಕಿದ್ದಿದ್ರೆ ಕಿವಿ ಹಿಡಿದು ಕರ್ಕೊಂಡು ಹೋಗಿ ಅವರ ಬಾಯಲ್ಲೇ ಹೇಳಿಸ್ತಿದ್ದೆ. ಈಗ ನಾನು ಹೇಳ್ತೀನಿ."

ಸಾಯುವ ಹಿಂದಿನ ದಿನ ಸಹಿ ಹಾಕಿದ ಹಾಳೆಗಳು ಊಟದ ಮೇಜಿನ ಡ್ರಾಯರಿನಲ್ಲೇ ಉಳಿದಿದ್ದವು. ಅವನ್ನು ಹಿಡಿದುಕೊಂಡು ಕೋರ್ಟಿಗೆ ಹೋದೆ. ನ್ಯಾಯಾಧೀಶರ ಮುಂದೆ ಇಟ್ಟೆ. "ಸಹಿ ನಮ್ಮವರದು. ಪತ್ರ ಅವರದಲ್ಲ. ಹೀಗೆ ಖಾಲಿ ಹಾಳೆಗೆ ಸಹಿ ಹಾಕಿಡ್ತಿದ್ರು. ತಪ್ಪು ಅವರದು. ಎತ್ತಿಕೊಟ್ಟ ನಂದೂ." ಜೂನಿಯರ್ ಫೈಲಿನೊಳಗೆ ಏನೋ ಹುಡುಕುವವನಂತೆ ತಲೆ ತಗ್ಗಿಸಿದ.

ಆ ಪತ್ರವನ್ನು ನಂಬಲಾಗದು ಎಂದರು ನ್ಯಾಯಾಧೀಶರು. ಅಂಗಡಿಗಳು ಉಳಿದವು. ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬಂದದ್ದು ಮಾತ್ರ ನಮ್ಮವರ ತಪ್ಪು. ಇವರಿಂದ ಪತ್ರ ಒಯ್ದವರೇ ಈಗ "ಖಾಲಿ ಸಹಿ" ಎಂದು ಆಡಿಕೊಳ್ಳುತ್ತಾರೆ. ಮೈದುನ ಹೊಸಿಲು ತುಳಿದಿಲ್ಲ. ಜೂನಿಯರ್ ಚುನಾವಣೆಗೆ ನಿಂತಿದ್ದಾನೆ, ಗೆದ್ದರೂ ಗೆದ್ದಾನು.

ಅವನ ಕಡೆಯವರು ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಇದ್ದಿಲಿನಲ್ಲಿ ಅದೇ 'ಖಾಲಿ ಸಹಿ' ಎಂದು ಬರೆದು ಹೋಗುತ್ತಾರೆ. ನಾನು ಉಜ್ಜುತ್ತೇನಕ್ಕ ಎಂದು ಟೈಲರ್ ಬಂದಿದ್ದ. ಬೇಡ ಎಂದೆ. ಬೆಳಿಗ್ಗೆ ಎದ್ದ ಕೂಡಲೇ ಬಕೆಟ್ಟು, ಸೋಪಿನ ಪುಡಿ, ಬ್ರಷ್ಷು ಹಿಡಿದು ನಾನೇ ಉಜ್ಜುತ್ತೇನೆ. ಸುಣ್ಣವೂ ಜೊತೆಗೆ ಕಿತ್ತು ಬರುತ್ತದೆ. ಬರಲಿ.